ಕೆಂಪಿ ಕಲಿಸಿದ ಮಾತು

ಕೆಂಪಿ ಎಂಬ ಬೀದಿನಾಯಿ ತನ್ನ ಮರಿಗೆ ಮೊದಲು ಕಲಿಸಿದ ಮಾತು ವ್ಯಾನ್. ಬೆಳಿಗ್ಗೆ ಶಾಲೆಯ ವ್ಯಾನ್ ಬಂದಾಗ ಮಕ್ಕಳು ತಮಗೆ ಬೇಡವಾದ ಬಿಸ್ಕತ್ತನ್ನು ನಾಯಿಗಳಿಗೆ ಎಸೆಯುತ್ತಿದ್ದರು.

"ನಾನು ವ್ಯಾನ್ ಎಂದು ಕೂಗಿದರೆ ಹಿಂದೆ ಮುಂದೆ ನೋಡದೆ ಅದರ ಬಾಗಿಲಿಗೆ ಓಡು," ಎಂದಿತು ಕೆಂಪಿ. ಮರಿ ಹಾಗೆಯೇ ಓಡಿ ಓಡಿ ದುಂಡಗಾಯಿತು.

ತಂತಿಯ ಮೇಲಿದ್ದ ಕಾಗೆ ಹೇಳಿತು: "ಅಲ್ಲಮ್ಮಾ, ನಾಯಿ ಹಿಡಿಯುವವರು ಬರುವುದೂ ವ್ಯಾನಿನಲ್ಲೇ. ಅದನ್ನೂ ಹೇಳಿಕೊಡು."

"ಸತ್ತ ಇಲಿ ತಿನ್ನುವ ಬಾಯಲ್ಲಿ ಒಳ್ಳೆಯ ಮಾತು ಬರುತ್ತದೆಯೇ? ಮೊದಲು ನನ್ನ ಮರಿಯ ಹೊಟ್ಟೆ ತುಂಬಲಿ. ಹೆದರಿಕೆಯನ್ನು ಆಮೇಲೆ ಕಲಿಸುತ್ತೇನೆ, ಹೋಗು!"

ಶಾಲೆಗೆ ಬೇಸಿಗೆ ರಜೆ ಬಂತು. ಆದರೂ ಹಸಿದ ಮರಿ ದಿನವೂ ರಸ್ತೆ ಕಾಯುತ್ತಿತ್ತು. ಒಂದು ಬೆಳಿಗ್ಗೆ ಬಲೆ ಹಿಡಿದವರ ವ್ಯಾನ್ ತಿರುವಿನಲ್ಲಿ ನಿಂತಿತು. ರಸ್ತೆಯ ಆಚೆಗಿದ್ದ ಕೆಂಪಿ ಬಲೆಯನ್ನು ಕಂಡಿತು. ಗಾಬರಿಯಲ್ಲಿ ಅದರ ಬಾಯಿಗೆ ಬಂದದ್ದು ಒಂದೇ ಮಾತು.

"ವ್ಯಾನ್! ಮಗೂ, ವ್ಯಾನ್!"

ಮರಿ ಬಾಲ ಅಲ್ಲಾಡಿಸುತ್ತಾ ತೆರೆದ ಬಾಗಿಲಿಗೆ ಓಡಿತು. ಕೆಂಪಿ ಇನ್ನೂ ಜೋರಾಗಿ ಕೂಗಿತು. ಮರಿ ಇನ್ನೂ ಜೋರಾಗಿ ಓಡಿ ಒಳಕ್ಕೆ ಹಾರಿತು.

"ಅಮ್ಮಾ, ಇಲ್ಲಿ ಮಕ್ಕಳೇ ಇಲ್ಲವಲ್ಲ?" ಎಂದಿತು ಒಳಗಿನಿಂದ.

ಬಾಗಿಲು ಮುಚ್ಚಿತು.