ಲಾವಂಚದ ಪಕ್ಕದ ಗೌರಿ ಹೂ

ಹೂಂಗುಟ್ಟುವವರು ಹೂಂಗುಟ್ಟಿ, ಹೆದರುವವರು ಪಕ್ಕದವರ ಕೈ ಹಿಡಿದುಕೊಳ್ಳಿ. ಒಂದು ಬೆಟ್ಟ, ಬೆಟ್ಟದ ಮೇಲೊಂದು ಕೋಟೆ, ಕೋಟೆಯೊಳಗೊಬ್ಬ ಪಾಳೇಗಾರ. ಕೋಟೆಯ ಕೆಳಗೊಂದು ಗುಡಿಸಲು, ಗುಡಿಸಲಲ್ಲಿ ಚಿಕ್ಕತಾಯಮ್ಮ, ಅವಳಿಗೊಬ್ಬನೇ ಮಗ ಸಣ್ಣೀರ. ಮೀಸೆ ಬಂದಿತ್ತು, ಬುದ್ಧಿ ಬಂದಿರಲಿಲ್ಲ. ಹೇಳಿದ್ದನ್ನು ಮಾಡುತ್ತಿದ್ದ. ಹೇಳಿದ ಹಾಗೇ ಮಾಡುತ್ತಿದ್ದ. ಊರಿನ ತಾಯಂದಿರೆಲ್ಲ ಮಾತು ಕೇಳದ ಮಕ್ಕಳಿಗಾಗಿ ಅಳುತ್ತಿದ್ದರೆ, ಚಿಕ್ಕತಾಯಮ್ಮ ಮಾತು ಕೇಳುವ ಮಗನಿಗಾಗಿ ಅಳುತ್ತಿದ್ದಳು.

ಪಾಳೇಗಾರನ ತೋಟದ ಕೆಲಸ ಅವಳದು. ಸೊಂಟ ಹಿಡಿದುಕೊಂಡು ಏಳಲಾರದಾದಾಗ ಮಗನನ್ನು ಕಳಿಸಬೇಕಾಯಿತು. ಕಳಿಸದಿದ್ದರೆ ಹಿಟ್ಟಿಲ್ಲ, ಕಳಿಸಿದರೆ ನಿದ್ದೆಯಿಲ್ಲ. ಅವಳಿಗಿಂತ ಮೊದಲಿದ್ದ ತೋಟಗಾರ ಕೆಂಗಣ್ಣ ಒಂದು ಮಲ್ಲಿಗೆ ಬಳ್ಳಿ ಒಣಗಿಸಿದ್ದ. ಅಷ್ಟಕ್ಕೇ ಪಾಳೇಗಾರ ಅವನ ಬಲಗೈ ತೆಗೆಸಿದ್ದ. ಕೆಂಗಣ್ಣ ಈಗಲೂ ಕೋಟೆ ಬಾಗಿಲಲ್ಲಿ ಕೂತು ಎಡಗೈ ಒಡ್ಡುತ್ತಿದ್ದ. ಚಿಕ್ಕತಾಯಮ್ಮ ಮುದ್ದೆ ಬಡಿಸುವಾಗ ಮಗನ ಮುಖ ನೋಡುತ್ತಿರಲಿಲ್ಲ, ಬಲಗೈ ನೋಡುತ್ತಿದ್ದಳು.

ಆ ವರ್ಷ ಅರಮನೆಯಲ್ಲೊಂದು ಜಗಳ. ಅಂಗಳದ ಮುಂದಿನ ಪಾತಿಗೆ ಏನು ಹಾಕಬೇಕು?

"ಲಾವಂಚ ಹಾಕಲಿ," ಅಂದ ಪಾಳೇಗಾರ. "ವರ್ಷವೆಲ್ಲ ಹಸಿರು. ಬೇರು ಕುಡಿಯೋ ನೀರಿಗೆ ಹಾಕಿದರೆ ಘಮಘಮ!"

"ಹುಲ್ಲು ನೋಡ್ಕೊಂಡು ಕೂರೋಕೆ ನಾನೇನು ಎಮ್ಮೆಯಾ?" ಅಂದಳು ದೊರೆಸಾನಿ. "ಕಾಡಂಚಿನ ಗೌರಿ ಹೂ ತರಿಸಿ. ಬೆಂಕಿ ಹತ್ತಿದ ಹಾಗೆ ಅರಳುತ್ತೆ!"

"ಅರಳಿ ನಾಲ್ಕು ದಿನಕ್ಕೆ ಮುಗೀತು. ಬೇಸಿಗೆಗೆ ಬಳ್ಳಿನೇ ಇರಲ್ಲ."

"ನಾಲ್ಕು ದಿನವಾದರೂ ಕಣ್ಣಿಗೆ ಹಬ್ಬ!"

"ಸರಿ, ಎರಡನ್ನೂ ಹಾಕಲಿ. ಒಂದು ಮಳೆಗಾಲ, ಒಂದು ಬೇಸಿಗೆ ನೋಡೋಣ. ಗೆದ್ದದ್ದು ಇರಲಿ, ಸೋತದ್ದನ್ನು ಕಿತ್ತೆಸೆಯಲಿ. ತೋಟಗಾರನ ತಪ್ಪಿನಿಂದ ಒಂದು ಸತ್ತರೆ ಮಾತ್ರ..." ಪಾಳೇಗಾರ ಮಾತು ಮುಗಿಸಲಿಲ್ಲ. ಮುಗಿಸುವ ಅಗತ್ಯವೂ ಇರಲಿಲ್ಲ.

ಗೌರಿ ಹೂವೆಂದು ಕೇಳಿದ್ದೇ ಚಿಕ್ಕತಾಯಮ್ಮ ಮಗನನ್ನು ಹತ್ತಿರ ಕರೆದಳು. ಹೂ ಎಷ್ಟು ಚೆಂದವೋ ಗೆಡ್ಡೆ ಅಷ್ಟು ವಿಷ. ಅವಳ ಗಂಡ ಕಾಡಿನಲ್ಲಿ ಹಸಿದು, ಗೆಣಸೆಂದು ಅದನ್ನು ಸುಟ್ಟು ತಿಂದವನು ಮನೆಗೆ ಬರಲೇ ಇಲ್ಲ.

"ಮಗಾ, ಆ ಗೆಡ್ಡೆ ತಿನ್ನಬೇಡ."

"ತಿನ್ನಲ್ಲವ್ವ."

"ನಿಮ್ಮಪ್ಪ ಅದನ್ನ ತಿಂದೇ ಹೋದ."

"ಎಲ್ಲಿಗೆ ಹೋದ?"

ಚಿಕ್ಕತಾಯಮ್ಮ ಸೆರಗು ಕಚ್ಚಿಕೊಂಡು ಒಲೆಯ ಕಡೆ ತಿರುಗಿದಳು.

ಮಳೆ ಬಂತು. ಲಾವಂಚ ಸೊಂಟದುದ್ದ ಎದ್ದಿತು, ಗೌರಿ ಬಳ್ಳಿ ಎಲೆಯ ತುದಿಯಿಂದಲೇ ಬೇಲಿ ಹಿಡಿದು ಹತ್ತಿತು. "ಮೇಲೆ ಕುಯ್ದು ಹಾಕು ಮಗಾ, ಕುಯ್ದಷ್ಟೂ ಚಿಗುರುತ್ತೆ," ಅಂದಳು ಚಿಕ್ಕತಾಯಮ್ಮ. ಸಣ್ಣೀರ ಲಾವಂಚ ಕುಯ್ದ. ಪಕ್ಕಕ್ಕೆ ತಿರುಗಿದ. ಮೊಗ್ಗು ತುಂಬಿದ್ದ ಗೌರಿ ಬಳ್ಳಿಯನ್ನೂ ಕಚಕಚ ಕುಯ್ದ!

ದೊರೆಸಾನಿ ಕಿರುಚಿದಳು. ಕಾವಲಿನವರು ಕತ್ತಿ ಹಿರಿದರು. ಚಿಕ್ಕತಾಯಮ್ಮ ಅರ್ಧ ದಾರಿ ನಡೆದು, ಅರ್ಧ ದಾರಿ ತೆವಳಿ ಬಂದು ಕಾಲಿಗೆ ಬಿದ್ದಳು. ಬಳ್ಳಿಯ ಬುಡದಲ್ಲೊಂದು ಕುಡಿ ಉಳಿದಿತ್ತು. ಕುಡಿ ಉಳಿದದ್ದಕ್ಕೆ ಕೈ ಉಳಿಯಿತು.

"ಅಯ್ಯೋ ಮಂಕೇ! ಹುಲ್ಲು ಕುಯ್ದರೆ ಬರುತ್ತೆ, ಹೂ ಕುಯ್ದರೆ ಹೋಗುತ್ತೆ! ಹುಲ್ಲು ತಾನಾಗೇ ನಿಲ್ಲುತ್ತೆ, ಬಳ್ಳಿ ನಿಲ್ಲಲ್ಲ. ನಿಲ್ಲಲಾರದೆ ತೂಗಾಡೋದನ್ನ ಕಡಿಯಬಾರದು ಕಣೋ, ಕಟ್ಟಬೇಕು!"

"ಆಗಲವ್ವ, ಕಟ್ತೀನಿ."

ಉಳಿದ ಕುಡಿ ಬೆಳೆಯಿತು, ಕೋಲಿಗೆ ಕಟ್ಟಿದ. ಹೂ ಅರಳಿತು. ಅದನ್ನು ನೋಡಲು ಪಾಳೇಗಾರನ ಮುದಿ ತಂದೆ ಬಂದರು. ಪಾಪ, ವಯಸ್ಸಾದವರು, ನಿಂತಲ್ಲೇ ತೂಗಾಡುತ್ತಿದ್ದರು. ಸಣ್ಣೀರ ನೋಡಿದ. ಅವ್ವ ಹೇಳಿದ್ದು ನೆನಪಾಯಿತು. ಬಾಳೆ ನಾರು ತಂದು ಮುದುಕರನ್ನು ಕಂಬಕ್ಕೆ ಕಟ್ಟಿಯೇ ಬಿಟ್ಟ! ಸೊಂಟಕ್ಕೊಂದು ಸುತ್ತು, ಎದೆಗೊಂದು ಸುತ್ತು, ತಲೆ ಬಾಗದಂತೆ ಗಲ್ಲದ ಕೆಳಗೊಂದು ಸುತ್ತು.

ಪಾಳೇಗಾರ ಕತ್ತಿ ಎತ್ತಿಕೊಂಡೇ ಬಂದ. "ನಮ್ಮಪ್ಪನ್ನ ಕಟ್ಟಿಹಾಕ್ತೀಯಾ? ಚಾಚು ಕೈ!"

ಸಣ್ಣೀರ ಕೈ ಚಾಚಿದ. ಚಾಚು ಅಂದರಲ್ಲ!

"ತಡೆಯೋ," ಅಂದರು ಮುದುಕರು ಕಂಬದಿಂದಲೇ ನಗುತ್ತಾ. "ಎಷ್ಟು ವರ್ಷವಾಗಿತ್ತು ನಾನು ನೆಟ್ಟಗೆ ನಿಂತು! ಹೂ ಪೂರ್ತಿ ನೋಡ್ತೀನಿ, ಆಮೇಲೆ ಬಿಚ್ಚು."

ಮುದುಕರು ನಕ್ಕದ್ದಕ್ಕೆ ಕೈ ಉಳಿಯಿತು. ಆದರೆ ದೊರೆಸಾನಿಗೆ ಬೇರೆ ದೂರಿತ್ತು. "ಇವನು ಹುಲ್ಲಿಗೇ ಜಾಸ್ತಿ ನೀರು ಹೊಯ್ತಾನೆ!" ಪಾಳೇಗಾರ ಗುಡುಗಿದ. "ಕೇಳೋ ಮಂಕೇ! ಇವತ್ತಿನಿಂದ ಒಂದಕ್ಕೆ ಮಾಡಿದ್ದನ್ನೇ ಇನ್ನೊಂದಕ್ಕೂ ಮಾಡು. ಭೇದ ಮಾಡಿದೆಯೋ, ಕೈ ಇರಲ್ಲ!"

"ಆಗಲಿ ದೊರೆಯೇ, ಮಾಡಲ್ಲ."

ಮನೆಗೆ ಬಂದ ಮಗನ ಬಲಗೈಯನ್ನು ಚಿಕ್ಕತಾಯಮ್ಮ ಎರಡೂ ಕೈಯಲ್ಲಿ ಹಿಡಿದು ಬಿಕ್ಕಿದಳು. "ಇನ್ನು ಮೇಲೆ ಆ ಕೋಟೆಯಲ್ಲಿ ನನ್ನ ಕೇಳದೆ ಏನೂ ಆಗಕೂಡದು! ಮೊದಲು ನನ್ನ ಕೇಳು. ತಿಳೀತಾ?"

"ತಿಳೀತವ್ವ. ನಿನ್ನ ಕೇಳದೆ ಏನೂ ಆಗಕೂಡದು."

ಬೇಸಿಗೆ ಬಂತು. ಲಾವಂಚ ಹಸಿರಾಗೇ ಇತ್ತು. ಗೌರಿ ಬಳ್ಳಿ ಒಣಗಿ ನೆಲ ಸೇರಿತು. ಒಂದು ಬೆಳಿಗ್ಗೆ ಸಣ್ಣೀರ ಓಡಿಬಂದ. "ಅವ್ವಾ, ಬೇರು ತೆಗೆದು ಕುಡಿಯೋ ನೀರಿನ ಕೊಡಕ್ಕೆ ಹಾಕು ಅಂದರು ದೊರೆ. ಹಾಕಲಾ?"

ಕೇಳಿ ಮಾಡುತ್ತಿದ್ದಾನಲ್ಲ ಎಂದು ಅವಳಿಗೆ ಕಣ್ಣು ತುಂಬಿ ಬಂತು. "ಹಾಕಪ್ಪ. ಚೆನ್ನಾಗಿ ತೊಳೆದು ಹಾಕು."

ಮಧ್ಯಾಹ್ನ ಅವಳು ರಾಗಿ ಬೀಸುತ್ತಿದ್ದಳು. ಹೊರಗೆ ಗದ್ದಲ. ತಲೆ ಎತ್ತಿದಳು. ದಿಣ್ಣೆಯಿಂದ ಸಣ್ಣೀರ ಓಡಿಬರುತ್ತಿದ್ದಾನೆ, ತಲೆಯ ಮೇಲೆ ಕೊಡ! ಹಿಂದೆ ಕತ್ತಿ ಹಿರಿದ ಕಾವಲಿನವರು, ಅವರ ಹಿಂದೆ ಏದುಸಿರು ಬಿಡುತ್ತಾ ಪಾಳೇಗಾರ!

"ಅವ್ವಾ! ದೊರೆ ಈ ನೀರು ಕುಡಿಯೋಕೆ ಹೊರಟಿದ್ದರು. ಅವ್ವನ್ನ ಕೇಳಿದ್ರಾ ಅಂದೆ. ಇಲ್ಲ ಅಂದರು. ಲೋಟ ಕಿತ್ತು ಚೆಲ್ಲಿ ಕೊಡ ಹೊತ್ತು ತಂದೆ. ಹೇಳವ್ವ, ಕುಡೀಬಹುದಾ?"

ಅವಳು ಕೊಡದೊಳಗೆ ಬಗ್ಗಿ ನೋಡಿದಳು. ಲಾವಂಚದ ಬೇರು ಕೂದಲಿನಂತೆ ತೇಲುತ್ತಿತ್ತು. ಅದರ ಕೆಳಗೆ ಬಿಳಿಯ ಹೋಳುಗಳು. ಹೋಳುಗಳ ನಡುವೆ ನೇಗಿಲಿನ ಹಾಗೆ ಬಾಗಿದ ಒಂದು ಇಡೀ ಗೆಡ್ಡೆ.

"ಇದೇನೋ?"

"ಹುಲ್ಲಿನ ಬೇರೂ ಹಾಕಿದೆ, ಹೂವಿನ ಬೇರೂ ಹಾಕಿದೆ. ಭೇದ ಮಾಡಬೇಡ ಅಂದಿದ್ರಲ್ಲ!"

"ತಿನ್ನಬೇಡ ಅಂದಿದ್ದೆನಲ್ಲೋ!"

"ತಿನ್ನಲಿಲ್ಲವ್ವ. ದೊರೆಗೂ ತಿನ್ನೋಕೆ ಕೊಡಲಿಲ್ಲ. ಕುಡಿಯೋಕೆ ಕೊಟ್ಟೆ."

ಅಷ್ಟರಲ್ಲಿ ಪಾಳೇಗಾರ ಬಂದು ನಿಂತ, ಅವಳು ಅವನ ಮೀಸೆ ನೋಡಿದಳು. ಒಣಗಿತ್ತು, ಕುಡಿದಿಲ್ಲ. ಮಗನ ಬಲಗೈ ನೋಡಿದಳು. ಅಷ್ಟು ದಿನ ಏಳದ ಸೊಂಟ ಎದ್ದಿತು! ಕೊಡವನ್ನು ಎತ್ತಿ ಕಲ್ಲಿಗೆ ಅಪ್ಪಳಿಸಿದಳು. ಹೋಳುಗಳನ್ನೂ ಗೆಡ್ಡೆಯನ್ನೂ ಕಾಲಿನಿಂದ ಕೆಸರಿಗೆ ತುಳಿದಳು.

"ಏನಿತ್ತು ಅದರಲ್ಲಿ?" ಪಾಳೇಗಾರ ಅರಚಿದ.

"ಹಲ್ಲಿ ಸ್ವಾಮಿ! ಹಲ್ಲಿ ಬಿದ್ದಿತ್ತು!"

"ಹಲ್ಲಿ ಎಲ್ಲಿತ್ತ..." ಎಂದು ಬಾಯಿ ತೆರೆದ ಮಗನ ಬಾಯಿಗೆ ರಾಗಿಹಿಟ್ಟಿನ ಕೈ ಒತ್ತಿದಳು.

ಪಾಳೇಗಾರನ ಮುಖ ಬಿಳುಚಿಕೊಂಡಿತು. "ಹಲ್ಲಿ ಬಿದ್ದ ನೀರು! ಕುಡಿದಿದ್ದರೆ ಸತ್ತೇ ಹೋಗ್ತಿದ್ದೆನಲ್ಲೋ!" ತನ್ನ ತಲೆಯ ರೇಷ್ಮೆ ರುಮಾಲು ಬಿಚ್ಚಿ ಸಣ್ಣೀರನ ತಲೆಗೆ ಸುತ್ತಿದ. "ನಾಳೆಯಿಂದ ನನ್ನ ನೀರಿನ ಕೊಡ ಇವನದೇ ಜವಾಬ್ದಾರಿ. ಬೇರೆ ಯಾರೂ ಮುಟ್ಟಕೂಡದು! ಚಿಕ್ಕತಾಯಿ, ನೀನೇ ಹೇಳು. ಹುಲ್ಲಿರಲೋ, ಹೂವಿರಲೋ?"

"ಹುಲ್ಲಿರಲಿ ಸ್ವಾಮಿ," ಅಂದಳು ಅವಳು. "ಗೌರಿ ಹೂ ಚೆಲುವೆ, ನಿಜ. ಕಾಡಂಚಿನ ಬೇಲಿಯ ಮೇಲೇ ಇರಲಿ, ದೂರ ನಿಂತು ನೋಡೋಣ. ಲಾವಂಚಕ್ಕೆ ಚೆಲುವಿಲ್ಲ. ಆದರೆ ನೆಲದ ಮೇಲೆ ಹೇಗೋ ನೆಲದ ಕೆಳಗೂ ಹಾಗೇ, ಒಳ್ಳೇದು."

ಸಂಜೆ ಮುದ್ದೆ ಬಡಿಸುವಾಗ ಚಿಕ್ಕತಾಯಮ್ಮ ಮೊದಲ ಸಲ ಮಗನ ಮುಖ ನೋಡಿದಳು. ಅಪ್ಪನದೇ ಮುಖ. ಹೊಟ್ಟೆ ತುಂಬ ಉಂಡಳು, ಕಣ್ಣು ತುಂಬ ನಿದ್ದೆ ಮಾಡಿದಳು.

ಬೆಳಿಗ್ಗೆ ಸೂರಿನ ಹುಲ್ಲು ಸರಸರ ಎಂದಿತು.

"ಯಾರದು?"

"ನಾನೇ ಅವ್ವ. ಸೂರಿನ ಮೇಲಿದ್ದೀನಿ."

"ಯಾಕೋ?"

"ಹುಲ್ಲಿನ ಬೇರು ಹಾಕಿದಾಗ ದೊರೆ ಏನೂ ಕೊಡಲಿಲ್ಲ. ಹೂವಿನ ಬೇರು ಹಾಕಿದಾಗಲೂ ಏನೂ ಕೊಡಲಿಲ್ಲ. ಹಲ್ಲಿ ಬಿದ್ದಿತ್ತು ಅಂದ ಕೂಡಲೇ ರುಮಾಲು ಕೊಟ್ಟರು!"

ಕೋಟೆಯ ಮೇಲೆ ಕಹಳೆ ಮೊಳಗಿತು. ದೊರೆಗೆ ಬಾಯಾರಿತ್ತು. ಸಣ್ಣೀರ ಸೂರಿನಿಂದ ಧೊಪ್ಪನೆ ಹಾರಿ, ರುಮಾಲು ಸರಿಮಾಡಿಕೊಂಡು ಅವ್ವನ ಮುಂದೆ ನಿಂತ. ಅವನ ಬಲಗೈಯಲ್ಲಿ ಹಲ್ಲಿಯೊಂದು ಬಾಲ ಆಡಿಸುತ್ತಿತ್ತು.

"ನಿನ್ನ ಕೇಳದೆ ಏನೂ ಆಗಕೂಡದು ಅಂದಿದ್ದೆಯಲ್ಲ, ಅದಕ್ಕೇ ಕೇಳ್ತಿದ್ದೀನಿ. ಒಂದು ಸಾಕಾ ಅವ್ವಾ? ಕೊಡ ದೊಡ್ಡದು, ಇನ್ನೊಂದು ಹಿಡೀಲಾ?"