ಗೋಡೆ ದಾಟಿದ ಕರೆಂಟಿನ ಬೆಲೆ

ಬಿಸಿಲಕೋಟೆಯ ದಿವಾನ ಪರ್ವತಯ್ಯನವರು ಆವತ್ತು ತುಂಬಿದ ಸಭೆಯಲ್ಲಿ ಮೀಸೆ ತಿರುವಿಕೊಂಡು ಎದ್ದು ನಿಂತರು.

"ಮಹಾಪ್ರಭು, ನಾನು ಕಟ್ಟಿದ ಬೆಲೆಯಲ್ಲಿ ತಪ್ಪು ಹುಡುಕೋ ಗಂಡಸು ಈ ರಾಜ್ಯದಲ್ಲಿ ಹುಟ್ಟಿಲ್ಲ!"

ಯಾವುದರ ಬೆಲೆ? ಕರೆಂಟಿನದು. ರಾಜರ ಕಾಲದಲ್ಲಿ ಕರೆಂಟು ಎಲ್ಲಿಂದ ಬಂತು ಅಂತ ಹುಬ್ಬೇರಿಸಬೇಡಿ. ಆ ಊರಿನಲ್ಲಿತ್ತು, ಅಷ್ಟೇ. ಮನೆಮನೆಯ ಮಾಡಿನ ಮೇಲೂ ಬಿಸಿಲು ಹಿಡಿಯುವ ಫಲಕಗಳು. ತಮಗೆ ಬೇಕಾದಷ್ಟು ಬಳಸಿಕೊಂಡು ಮಿಕ್ಕಿದ್ದನ್ನು ಜನ ತಂತಿಗೆ ಬಿಡುತ್ತಿದ್ದರು, ಸಾಲದವರು ಅದೇ ತಂತಿಯಿಂದ ಎಳೆದುಕೊಳ್ಳುತ್ತಿದ್ದರು. ಎಷ್ಟು ಹೋಯಿತು, ಎಷ್ಟು ಬಂತು ಅಂತ ಪ್ರತಿ ಗೋಡೆಯಲ್ಲೂ ಒಂದು ಜಾಣ ಮೀಟರು ನೋಡಿಕೊಳ್ಳುತ್ತಿತ್ತು. ತಂತಿ ಮಾತ್ರ ಅರಮನೆಯದು, ಅಂದರೆ ದಿವಾನರದು. ಅವರು ಜನರಿಂದ ಕೊಳ್ಳುವಾಗ ಯೂನಿಟ್ಟಿಗೆ ಒಂದು ಕಾಸು, ಜನರಿಗೆ ಮಾರುವಾಗ ಎಂಟು ಕಾಸು.

ದಿವಾನರು ಇನ್ನೂ ಕೂತಿರಲಿಲ್ಲ, ಬಾಗಿಲ ಕಡೆಯಿಂದ ಒಂದು ದನಿ ಬಂತು.

"ಗಂಡಸು ಹುಟ್ಟದಿದ್ರ ಬಿಡ್ರಿ, ನಾ ಬಂದೀನಲ್ಲ!"

ಹಿಟ್ಟಿನ ಗಿರಣಿಯ ತಿಪ್ಪವ್ವ. ಸೀರೆಗೆಲ್ಲ ಜೋಳದ ಹಿಟ್ಟು ಮೆತ್ತಿಕೊಂಡು, ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡೇ ಬಂದಿದ್ದಳು.

"ಕುಂಬಾರ ಮಾಚಪ್ಪನ ಮನೀಗೂ ನನ್ನ ಗಿರಣಿಗೂ ನಡುವೆ ಒಂದ ಗ್ವಾಡಿ. ಅವನ ಮಾಡಿನ ಕರೆಂಟು ನನ್ನ ಗಿರಣಿ ತಿರುಗಸ್ತದ. ಅವಗ ಸಿಗೋದು ಒಂದು ಕಾಸು, ನಾ ಕೊಡೋದು ಎಂಟು. ಒಂದು ಗ್ವಾಡಿ ದಾಟಾಕ ಏಳು ಕಾಸೇನ್ರಿ? ಅದೇನು ಪಲ್ಲಕ್ಕಿ ಮ್ಯಾಲ ಬರ್ತದೇನು? ಹಿಂಗ ಆದ್ರ ನಾಳೆನೇ ಗಿರಣಿಗೆ ಬೀಗ. ಆಮ್ಯಾಲ ಅರಮನಿ ರೊಟ್ಟಿಗೆ ಜ್ವಾಳ ನೀವ ಬೀಸ್ಕೊಳ್ರಿ!"

ರೊಟ್ಟಿ ಅಂದದ್ದೇ ತಡ, ರಾಜ ಉದಯಭಾನು ಸಿಂಹಾಸನದಲ್ಲಿ ನೆಟ್ಟಗೆ ಕೂತ. ಇಷ್ಟು ಹೊತ್ತು ಅವನಿಗೆ ಈ ವಿಷಯ ಅಂಥ ಗಂಭೀರ ಅನ್ನಿಸಿರಲಿಲ್ಲ.

ದಿವಾನರು ನಕ್ಕರು. "ನೋಡಮ್ಮಾ, ತಂತಿ ಕಾಯಬೇಕು, ಕಂಬ ಕಾಯಬೇಕು, ಗಾಳಿ ಮಳೆ ನೋಡಬೇಕು. ಬೆಲೆ ಕಟ್ಟೋದು ಅಂದರೆ ರೊಟ್ಟಿ ತಟ್ಟಿದ ಹಾಗಲ್ಲ. ಮಾರೋರಿಗೆ ಒಂದು ಕಾಸೇ ನ್ಯಾಯ, ಕೊಳ್ಳೋರಿಗೆ ಎಂಟೇ ನ್ಯಾಯ."

ರಾಜನಿಗೆ ತಲೆ ಕೆಟ್ಟಿತು. ಕಂಬಕ್ಕೊರಗಿ ತೂಕಡಿಸುತ್ತಿದ್ದ ಆಸ್ಥಾನದ ವಿದೂಷಕ ಸಂಕಣ್ಣನನ್ನು ಕೂಗಿದ. "ಏಯ್ ಸಂಕಣ್ಣ! ಮಾರೋನೂ ಕೊಳ್ಳೋನೂ ಇಬ್ಬರೂ ಒಪ್ಪೋ ಒಂದು ಬೆಲೆಯನ್ನ ಈಗಿಂದೀಗಲೇ ಹೇಳು. ಇಲ್ಲದಿದ್ದರೆ ನಾಳೆಯಿಂದ ಅರಮನೆಯ ಬೀಸೋ ಕಲ್ಲು ನಿನ್ನ ಪಾಲಿಗೆ!"

ಸಂಕಣ್ಣ ಆಕಳಿಸಿ ಕೈ ಮುಗಿದ. "ನಾನು ಹೇಳೋದೇನು ಪ್ರಭು? ಬೆಲೆಯ ವಿಷಯ ದಿವಾನರಿಗಿಂತ ಬಲ್ಲವರು ಯಾರಿದ್ದಾರೆ? ಅವರೇ ಹೇಳಲಿ. ನನಗೆ ಒಂದು ಪೆಟ್ಟಿಗೆ, ಒಂದು ಬಟ್ಟೆ ಕೊಡಿಸಿ, ಸಾಕು."

ಅಂತೂ ಈ ಕೋಡಂಗಿಗೂ ಬುದ್ಧಿ ಬಂತಲ್ಲ ಅಂತ ದಿವಾನರಿಗೆ ಖುಷಿಯಾಯಿತು.

ಸಂಕಣ್ಣ ಒಳಗೆ ಹೋಗಿ, ಪೆಟ್ಟಿಗೆಗೆ ಬಟ್ಟೆ ಮುಚ್ಚಿಕೊಂಡು ಬಂದು ನಡುಸಭೆಯಲ್ಲಿಟ್ಟ.

"ಇದರೊಳಗೆ ಎಡಕ್ಕೂ ಬಲಕ್ಕೂ ತಿರುಗುವ ಒಂದು ಕೀಲು ಇದೆ. ಬಲಕ್ಕೆ ತಿರುಗಿದ್ದರೆ, ದಿವಾನರು ತಮ್ಮ ಮಹಡಿಯ ಫಲಕಗಳ ಅಷ್ಟೂ ಕರೆಂಟನ್ನು ವರ್ಷವಿಡೀ ಮಾರಬೇಕು. ಎಡಕ್ಕೆ ತಿರುಗಿದ್ದರೆ, ಫಲಕಗಳನ್ನೆಲ್ಲ ಕಳಚಿಟ್ಟು ಮನೆಗೆ ಬೇಕಾದ ಅಷ್ಟೂ ಕರೆಂಟನ್ನು ವರ್ಷವಿಡೀ ಕೊಳ್ಳಬೇಕು. ದಿವಾನರು ಮೊದಲು ಬೆಲೆ ಹೇಳಲಿ. ಎರಡಲ್ಲ, ಒಂದೇ ಬೆಲೆ. ಆಮೇಲೆ ಬಟ್ಟೆ ತೆಗೆಯೋಣ."

"ಭೇಷ್!" ಅಂದ ರಾಜ. "ರಾಜಾಜ್ಞೆ ಅಂತ ತಿಳೀರಿ ದಿವಾನರೇ. ಹೇಳಿದ ಬೆಲೆಯೇ ಊರಿಗೆಲ್ಲ."

ದಿವಾನರು ಎಂಟು ಅನ್ನಲು ಬಾಯಿ ತೆರೆದರು. ಅಷ್ಟರಲ್ಲಿ ಮನೆಯ ಕೋಣೆಕೋಣೆಯ ಬೀಸಣಿಗೆ, ದೀಪದ ಗೊಂಚಲು, ಹೆಂಡತಿ ಹಟ ಹಿಡಿದು ತರಿಸಿದ ಮಂಜುಗಡ್ಡೆ ಯಂತ್ರ ನೆನಪಾದವು. ಅಯ್ಯೋ, ಕೀಲು ಎಡಕ್ಕಿದ್ದರೆ ಮನೆ ಮಾರಬೇಕಾದೀತು! ಒಂದು ಅನ್ನೋಣವೇ? ಬಲಕ್ಕಿದ್ದರೆ ಮಹಡಿ ತುಂಬ ಹೊದಿಸಿದ ಫಲಕವೆಲ್ಲ ದಂಡ. ಸಂಕಣ್ಣನ ಮುಖ ನೋಡಿದರು. ಅವನು ಕಿವಿ ಕೆರೆದುಕೊಳ್ಳುತ್ತಿದ್ದ. ಜಾರಿದ ಶಾಲು ಎತ್ತಿಕೊಳ್ಳುವ ನೆಪದಲ್ಲಿ ಬಟ್ಟೆಯ ಅಡಿಗೆ ಇಣುಕಲು ಬಗ್ಗಿದರು.

"ಭಾಳ ಬಗ್ಗಬ್ಯಾಡ್ರಿ ಸಾಹೇಬ್ರ, ಸೊಂಟ ಹಿಡದೀತು!" ಅಂದಳು ತಿಪ್ಪವ್ವ. ಸಭೆಗೆ ಸಭೆಯೇ ಗೊಳ್ಳೆಂದಿತು.

"ಆರು... ಬೇಡ ಬೇಡ, ಮೂರು... ತಾಳಿ," ದಿವಾನರು ಬೆವರೊರೆಸಿಕೊಂಡರು. "ನಾಲ್ಕು! ನಾಲ್ಕು ಕಾಸು ಪ್ರಭು. ಮಾರೋನಿಗೂ ನಷ್ಟ ಇಲ್ಲ, ಕೊಳ್ಳೋನಿಗೂ ಭಾರ ಇಲ್ಲ. ಇದೇ ಇಬ್ಬರಿಗೂ ನ್ಯಾಯ."

"ಮತ್ತೆ ತಂತಿ ಕಂಬ ಕಾಯೋ ಕೂಲಿ?" ಕೇಳಿದ ಸಂಕಣ್ಣ.

"ಅದೇನು ಮಹಾ! ಅರ್ಧ ಕಾಸು ಧಾರಾಳ ಆಯ್ತು. ಮಾರೋನೊಂದು ಕಾಲು, ಕೊಳ್ಳೋನೊಂದು ಕಾಲು ಹಾಕಿಕೊಳ್ಳಲಿ."

ನಿನ್ನೆಯವರೆಗೆ ಏಳು ಕಾಸು ನುಂಗುತ್ತಿದ್ದ ತಂತಿಗೆ ಇದ್ದಕ್ಕಿದ್ದಂತೆ ಹಸಿವು ಸತ್ತುಹೋಗಿತ್ತು ನೋಡಿ.

ರಾಜನೇ ಇಳಿದು ಬಂದು ಬಟ್ಟೆ ಎಳೆದ. ಪೆಟ್ಟಿಗೆ ಖಾಲಿ. ಕೀಲೂ ಇಲ್ಲ, ಗೀಲೂ ಇಲ್ಲ.

"ಮೋಸ! ದಗಾ!" ದಿವಾನರು ಕುಣಿದಾಡಿದರು. "ಈ ಬೆಲೆ ನಾನು ಒಪ್ಪೋದಿಲ್ಲ!"

"ಯಾಕ್ರೀ?" ರಾಜ ಹೊಟ್ಟೆ ಹಿಡಿದುಕೊಂಡು ನಕ್ಕ. "ಇಬ್ಬರಿಗೂ ನ್ಯಾಯ ಅಂದದ್ದು ನೀವೇ ತಾನೆ? ಇವತ್ತಿಂದ ಅದೇ ಬೆಲೆ. ಪ್ರತಿ ವರ್ಷ ಹೀಗೇ ಬಟ್ಟೆ ಮುಚ್ಚಿಯೇ ಬೆಲೆ ಕಟ್ಟತಕ್ಕದ್ದು. ಮುಂದಿನ ಸಲ ಒಳಗೆ ನಿಜವಾದ ಕೀಲು ಇರುತ್ತೆ, ಹುಷಾರು!" ಅಂದವನೇ ಕೊರಳ ಸರ ತೆಗೆದು ಸಂಕಣ್ಣನಿಗೆ ಹಾಕಿದ. ತಿಪ್ಪವ್ವ ಆಗಲೇ ಗಿರಣಿ ಹಾಕಲು ಓಡಿಯಾಗಿತ್ತು.

ಸಭೆ ಮುಗಿದ ಮೇಲೆ ದಿವಾನರು ಸಂಕಣ್ಣನ ತೋಳು ಹಿಡಿದು ನಿಲ್ಲಿಸಿದರು.

"ಆದದ್ದಾಯ್ತು. ಒಂದೇ ಒಂದು ಹೇಳು. ಕೀಲು ಇದ್ದಿದ್ದರೆ ಯಾವ ಕಡೆಗೆ ತಿರುಗಿಸಿಡ್ತಿದ್ದೆ?"

"ಬೇಡಿ ಸ್ವಾಮಿ," ಅಂದ ಸಂಕಣ್ಣ. "ಜನ್ಮದಲ್ಲಿ ಒಂದೇ ಒಂದು ಸಲ, ಅದೂ ಅರ್ಧ ಗಳಿಗೆ, ನ್ಯಾಯವಂತರಾಗಿದ್ದಿರಿ. ತಿಳಿದುಕೊಂಡು ಅದನ್ನೂ ಯಾಕೆ ಕೆಡಿಸಿಕೊಳ್ತೀರಿ?"