ತೊಳೆಯದೆ ಮುಳುಗಿಸಿದ ಹಡಗು

ಮೀನುಗಳಿಗೆ ಮನೆಯಾಗಲೆಂದು ಹಳೆಯ ಯುದ್ಧನೌಕೆಯೊಂದನ್ನು ಪೂಜೆ ಮಾಡಿ ಸಮುದ್ರದಲ್ಲಿ ಮುಳುಗಿಸಿದರು. ಮೊಟ್ಟೆಯಿಡಲು ಜಾಗ ಹುಡುಕುತ್ತಿದ್ದ ಮೀನೊಂದು ಅದರ ಬಾಗಿಲಿಗೆ ಬಂತು.

“ಬಾ ತಾಯಿ, ಒಳಗೆ ಬಾ. ನನಗೆ ಹಾರ ಹಾಕಿ, ಕಾಯಿ ಒಡೆದು ಕಳಿಸಿದ್ದಾರೆ” ಎಂದಿತು ಹಡಗು.

ಒಳಹೊಕ್ಕ ಮೀನು ಕಿವಿರಿಗೆಲ್ಲ ಎಂಜಿನ್ನಿನ ಕರೀ ಎಣ್ಣೆ ಮೆತ್ತಿಕೊಂಡು, ಒದ್ದಾಡುತ್ತ ಹೊರಬಂತು.

“ನನ್ನ ಮಕ್ಕಳು ಹುಟ್ಟುವ ಮೊದಲೇ ಸಾಯಬೇಕೇನು? ನಿನ್ನ ಹೊಟ್ಟೆ ತೊಳೆಯಲಿಲ್ಲವೇ ಅವರು?”

“ಹೊತ್ತೆಲ್ಲಿತ್ತು ತಾಯಿ? ಮುಹೂರ್ತ ಮೀರುತ್ತಿತ್ತು.”

“ಥೂ! ನೆಲ ತೊಳೆಯದೆ ರಂಗೋಲಿ ಹಾಕಿದವರಿಗೆ ನಾಚಿಕೆಯಿಲ್ಲ. ಆ ರಂಗೋಲಿಯನ್ನೇ ಹೇಳಿಕೊಂಡು ಬಸುರಿಯನ್ನು ಒಳಗೆ ಕರೆದ ನಿನಗೂ ಇಲ್ಲ!”

ಪೂಜೆಗೆ ಒಡೆದ ಕಾಯಿಯ ಚಿಪ್ಪೊಂದು ದೂರದ ಬಂಡೆಗೆ ಸಿಕ್ಕಿಕೊಂಡಿತ್ತು. ಮೀನು ಮೊದಲು ಅದನ್ನು ಬಾಲದಿಂದ ಚೊಕ್ಕವಾಗಿ ಗುಡಿಸಿತು. ಆಮೇಲೆ ಮೊಟ್ಟೆಯಿಟ್ಟಿತು.